ಒಂದೇ ನೆಗೆತಕ್ಕೆ ಮೂರು ಲೋಕ

ಶಿಕಾರಿಪುರ
೧೮ ಜುಲೈ ೨೦೨೪

ಪ್ರೀತಿಯ ನಾಗಿ,

ನಿನ್ನ ಫೋನಿಗೆ ಕಳಿಸಿದ್ದೆಲ್ಲ ಎರಡು ನೀಲಿ ಗೆರೆಯಾಗಿ ಉಳಿದುಬಿಡುತ್ತದೆ. ಅದಕ್ಕೇ ಕಾಗದದಲ್ಲಿ ಬರೆಯುತ್ತಿದ್ದೇನೆ. ಕಾಗದಕ್ಕೆ ನೀಲಿ ಗೆರೆ ಬರುವುದಿಲ್ಲ, ಓದಿದೆಯೋ ಇಲ್ಲವೋ ಎಂದು ನಾನು ನೋಡುತ್ತ ಕೂರಬೇಕಾಗಿಲ್ಲ.

ಇದರ ಜೊತೆ ಒಂದು ಜೆರಾಕ್ಸ್ ಇಟ್ಟಿದ್ದೇನೆ. ನನ್ನ ಒಂಬತ್ತನೇ ತರಗತಿಯ ಚೈತ್ರಶ್ರೀ ಎಂಬ ಹುಡುಗಿ ಕಿರುಪರೀಕ್ಷೆಯಲ್ಲಿ ಬರೆದ ಉತ್ತರ ಅದು. ತಾಳಗುಂದದಿಂದ ಬಸ್ಸಿನಲ್ಲಿ ಬರುತ್ತಾಳೆ, ಮುಂದಿನ ಬೆಂಚು ಬಿಟ್ಟು ಕದಲುವುದಿಲ್ಲ. ನಾನು ಕೇಳಿದ್ದ ಪ್ರಶ್ನೆ ಇಷ್ಟೇ: ಕಾಲುವೆ ಏರಿಯ ಮೇಲೆ ಜೋರಾಗಿ ಓಡುತ್ತಿರುವವನು ಏರಿ ಮುಗಿದದ್ದನ್ನು ಗಮನಿಸದೆ ಓಡಿಬಿಟ್ಟರೆ ಯಾವ ದಾರಿಯಲ್ಲಿ ಬೀಳುತ್ತಾನೆ, ಚಿತ್ರ ಬರೆಯಿರಿ. ಉಳಿದ ಮಕ್ಕಳು ಸೊಟ್ಟಗೋ ನೆಟ್ಟಗೋ ಒಂದು ಬಾಗಿದ ಗೆರೆ ಎಳೆದಿದ್ದಾರೆ. ಈಕೆ ನೋಡು, ಏರಿಯಿಂದ ಗಾಳಿಯೊಳಗೆ ನೇರ ಗೆರೆ ಎಳೆದು, ಅಲ್ಲೊಂದು ಚುಕ್ಕೆ ಇಟ್ಟು, ಅಲ್ಲಿಂದ ಗಾರೆಯವರು ತೂಗುಗುಂಡಿನ ದಾರ ಬಿಟ್ಟ ಹಾಗೆ ಕೆಳಕ್ಕೆ ಎಳೆದಿದ್ದಾಳೆ. ಚುಕ್ಕೆಯ ಪಕ್ಕದಲ್ಲಿ ಮುದ್ದಾಗಿ ಬರೆದಿದ್ದಾಳೆ, ‘ಇಲ್ಲಿ ಅವನು ಕೆಳಗೆ ನೋಡುತ್ತಾನೆ.’

ಸೊನ್ನೆ ಕೊಟ್ಟೆ. ಮರುದಿನ ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಂತಳು. ಅಳುತ್ತಿರಲಿಲ್ಲ. “ಮಿಸ್, ಕಾರ್ಟೂನ್‌ನಾಗೆ ಎಲ್ಲಾರೂ ಹಿಂಗೇ ಬೀಳ್ತಾರಲ್ರಿ. ಅಷ್ಟೂ ಜನ ತಪ್ಪು ಮಾಡ್ತಾರೇನ್ರಿ?” ಎಂದು ಕೇಳಿದಳು.

ಹೌದು, ಅಷ್ಟೂ ಜನ ತಪ್ಪು ಮಾಡುತ್ತಾರೆ ಎಂದು ಹೇಳಿ ಕಳಿಸಿದೆ. ಆಮೇಲೆ ನನಗೇ ಸಮಾಧಾನವಾಗಲಿಲ್ಲ. ಕಾರ್ಟೂನ್ ಬರೆಯುವ ಆ ಅಷ್ಟೂ ಜನರಲ್ಲಿ ನೀನೂ ಒಬ್ಬಳಲ್ಲವೇ. ನನಗೆ ಈ ಮಕ್ಕಳು ಸಿಗುವುದು ದಿನಕ್ಕೆ ಒಂದು ಪೀರಿಯಡ್, ನಿಮಗೆ ಸಿಗುವುದು ಸಂಜೆ ಪೂರ್ತಿ. ಗುರುತ್ವಾಕರ್ಷಣೆಯನ್ನು ನಾನೊಂದು ಕಲಿಸಿದರೆ ನೀವೊಂದು ಕಲಿಸುತ್ತಿದ್ದೀರಿ.

ಗೊತ್ತಿದ್ದು ಮಾಡುತ್ತೀರೋ, ಗೊತ್ತಿಲ್ಲದೆಯೋ? ಗೊತ್ತಿಲ್ಲದೆ ಎಂದು ಮಾತ್ರ ಬರೆಯಬೇಡ. ಪಿಯುಸಿಯಲ್ಲಿ ನಿನಗೆ ಪಾಠ ಹೇಳಿಕೊಟ್ಟವಳು ನಾನು.

ಉತ್ತರಕ್ಕೆ ಕಾದಿರುವ
ರಜನಿ

•

ಹೈದರಾಬಾದ್
೨ ಆಗಸ್ಟ್ ೨೦೨೪

ಅಕ್ಕ,

ನಿನ್ನ ಜೆರಾಕ್ಸನ್ನು ನನ್ನ ಮೇಜಿನ ಎದುರಿನ ಗೋಡೆಗೆ ಅಂಟಿಸಿದ್ದೇನೆ. ಕನ್ನಡ ಬರದವರೂ ನಿಂತು ನೋಡಿ ನಗುತ್ತಾರೆ. ಇವಳಿಗೆ ಸೊನ್ನೆ ಕೊಟ್ಟವರು ಯಾರು, ನಮ್ಮ ಸ್ಟುಡಿಯೋಗೆ ಕರೆಸಿ ಎಂದು ಒಬ್ಬ ಹೇಳಿದ. ನಮ್ಮಕ್ಕ ಎಂದು ನಾನು ಹೇಳಲಿಲ್ಲ.

ಗೊತ್ತಿದ್ದೇ ಮಾಡುತ್ತೇವೆ. ಮಹಡಿಯ ಮೇಲಿಂದ ಬಿದ್ದವನು ನೆಲ ಮುಟ್ಟುವುದಕ್ಕೆ ಒಂದು ಸೆಕೆಂಡೂ ಹಿಡಿಯುವುದಿಲ್ಲ ಎಂದು ನೀನೇ ಲೆಕ್ಕ ಮಾಡಿ ತೋರಿಸಿದ್ದೆ. ಒಂದು ಸೆಕೆಂಡಿಗೆ ನಾವು ಇಪ್ಪತ್ತನಾಲ್ಕು ಚಿತ್ರ ಓಡಿಸುತ್ತೇವೆ. ನಿನ್ನ ಲೆಕ್ಕದಂತೆ ಅವನನ್ನು ಬೀಳಿಸಿದರೆ, ನೋಡುವ ಮಗು ಕಣ್ಣು ಮಿಟುಕಿಸುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಬೀಳುವವನ ಮುಖದಲ್ಲಿ ಹೆದರಿಕೆ ಯಾವಾಗ ಬರಬೇಕು? ಆ ಹೆದರಿಕೆ ಮಗುವಿಗೆ ಯಾವಾಗ ದಾಟಬೇಕು? ಅದಕ್ಕೇ ಅವನನ್ನು ಗಾಳಿಯಲ್ಲಿ ನಿಲ್ಲಿಸುತ್ತೇವೆ, ಕೆಳಗೆ ನೋಡಿಸುತ್ತೇವೆ, ಆಮೇಲೆ ಬಿಡುತ್ತೇವೆ.

ನಿಯಮವೇ ಇಲ್ಲ ಎಂದುಕೊಳ್ಳಬೇಡ. ಚೆಂಡು ನೆಲಕ್ಕೆ ಬಡಿದಾಗ ರೊಟ್ಟಿ ಹಿಟ್ಟಿನ ಉಂಡೆಯ ಹಾಗೆ ಚಪ್ಪಟೆಯಾಗಬೇಕು. ಎಷ್ಟು ತೆಳ್ಳಗಾಯಿತೋ ಅಷ್ಟು ಅಗಲವಾಗಬೇಕು, ಹಿಟ್ಟು ಮಾತ್ರ ಅಷ್ಟೇ ಇರಬೇಕು. ಹಿಟ್ಟು ಕಡಿಮೆಯಾಯಿತೋ, ಮೂರು ವರ್ಷದ ಮಗುವಿಗೂ ಏನೋ ಮೋಸವಾಗಿದೆ ಎಂದು ಗೊತ್ತಾಗುತ್ತದೆ. ಏನು ಮೋಸ ಎಂದು ಹೇಳಲು ಬರುವುದಿಲ್ಲ, ಚಾನೆಲ್ ಬದಲಿಸುತ್ತದೆ ಅಷ್ಟೆ.

ಇನ್ನೊಂದು ವಿಷಯ. ಈಗ ಮಾಡುತ್ತಿರುವ ಮಕ್ಕಳ ಚಿತ್ರದಲ್ಲಿ ಒಂದು ಶಾಟ್ ಪೂರ್ತಿ ನನಗೇ ಕೊಟ್ಟಿದ್ದಾರೆ. ನಾಲ್ಕು ವರ್ಷ ಬೇರೆಯವರ ಗೆರೆಗಳನ್ನು ತಿದ್ದಿದ ಮೇಲೆ ಸಿಕ್ಕಿದ್ದು. ಊರ ಬೀದಿಯಲ್ಲಿ ಅಲಂಕಾರ ಮಾಡಿದ ಹೋರಿಯೊಂದು ಓಡಿಬಂದು, ಅಡ್ಡ ಬಿದ್ದ ಮಗುವಿನ ಮೇಲಿಂದ ಹಾರಿ ಹೋಗುತ್ತದೆ. ಇನ್ನೂ ಬಣ್ಣವಿಲ್ಲ, ಬರೀ ಗೆರೆ. ನನ್ನ ಸೂಪರ್‌ವೈಸರ್ ಹತ್ತಿರ ಕೇಳಿಕೊಂಡು ಪೆನ್ ಡ್ರೈವಿನಲ್ಲಿ ಹಾಕಿ ಕಳಿಸಿದ್ದೇನೆ. ನನ್ನ ಕೆಲಸವನ್ನು ನೀನು ಇದುವರೆಗೆ ನೋಡಿಲ್ಲ. ನೋಡು. ಒಬ್ಬಳೇ ನೋಡು.

ನಾಗಶ್ರೀ

•

ಶಿಕಾರಿಪುರ
೨೫ ಆಗಸ್ಟ್ ೨೦೨೪

ಪ್ರೀತಿಯ ನಾಗಿ,

ಒಬ್ಬಳೇ ನೋಡಿದೆ. ಏಳೆಂಟು ಸಲ ನೋಡಿದೆ. ಆಮೇಲೆ ಚೈತ್ರಶ್ರೀಗೆ ತೋರಿಸಿದೆ. ಸಿಟ್ಟು ಮಾಡಿಕೊಳ್ಳುವುದಿದ್ದರೆ ಪೂರ್ತಿ ಓದಿ ಮಾಡಿಕೋ.

ಗೊತ್ತಿದ್ದೇ ಮಾಡುತ್ತಾರಂತೆ ಎಂದು ಅವಳಿಗೆ ಹೇಳಿದ್ದೆ. ‘ಗೊತ್ತಿದ್ದು’ ಎನ್ನುವುದೇ ಅವಳಿಗೆ ಹುಳ ಬಿಟ್ಟ ಹಾಗಾಯಿತು. ನಿಯಮವನ್ನು ಎಷ್ಟು ಬಗ್ಗಿಸುತ್ತಾರೆ ಮಿಸ್, ಎಲ್ಲಿ ಬಗ್ಗಿಸುತ್ತಾರೆ ಎಂದು ದಿನಾ ಕೇಳತೊಡಗಿದಳು. ಶಾಲೆ ಬಿಟ್ಟ ಮೇಲೆ ಸ್ಮಾರ್ಟ್ ಕ್ಲಾಸಿನ ಟಿವಿಗೆ ನಿನ್ನ ಪೆನ್ ಡ್ರೈವ್ ಸಿಕ್ಕಿಸಿ, ಒಂದೊಂದೇ ಫ್ರೇಮ್ ಮುಂದೆ ಸರಿಸುವುದು ಹೇಗೆಂದು ತೋರಿಸಿದೆ. ಅವಳು ಟಿವಿಯ ಮೇಲೆ ಪ್ಲಾಸ್ಟಿಕ್ ಹಾಳೆ ಅಂಟಿಸಿ, ಪ್ರತಿ ಫ್ರೇಮಿನಲ್ಲೂ ಹೋರಿಯ ಬೆನ್ನ ಮೇಲಿನ ಹಿಣಿಲು ಎಲ್ಲಿದೆಯೋ ಅಲ್ಲೊಂದು ಚುಕ್ಕೆ ಇಟ್ಟಳು. ಆ ಹಾಳೆಯನ್ನೇ ಸುರುಳಿ ಸುತ್ತಿ ಇದರ ಜೊತೆ ಕಳಿಸಿದ್ದೇನೆ. ಫೋಟೋ ತೆಗೆದರೆ ಸರಿಯಾಗಿ ಕಾಣುವುದಿಲ್ಲ.

ಅದಕ್ಕೆ ಮೊದಲು ನಿಜವಾದ ಚೆಂಡನ್ನು ಬೀಳಿಸಿ ನನ್ನ ಫೋನಿನಲ್ಲಿ ಚಿತ್ರೀಕರಿಸಿ, ಅದಕ್ಕೂ ಚುಕ್ಕೆ ಇಟ್ಟೆವು. ಮೊದಲ ಅಂತರ ಒಂದಾದರೆ ಮುಂದಿನದು ಮೂರು, ಆಮೇಲೆ ಐದು, ಆಮೇಲೆ ಏಳು. ನೀನೂ ಹೀಗೇ ಅಳೆದಿದ್ದೆ, ಮರೆತಿರಲಾರೆ. ಈಗ ನಿನ್ನ ಹೋರಿಯ ಚುಕ್ಕೆ ನೋಡು. ಅಪ್ಪನಿಗೆ ಫೋನ್ ಮಾಡಿ ಹೋರಿಯ ಎತ್ತರ ಕೇಳಿ ಅದನ್ನೇ ಅಳತೆಗೋಲು ಮಾಡಿಕೊಂಡು ಲೆಕ್ಕ ಹಾಕಿದೆವು. ಏರುವಾಗ ಅದು ನಮ್ಮ ಭೂಮಿಯ ಮೇಲೇ ಇದೆ. ತುದಿಗೆ ಹೋದಾಗ ಗುರುತ್ವ ಆರನೇ ಒಂದು ಭಾಗಕ್ಕೆ ಇಳಿಯುತ್ತದೆ, ಅಂದರೆ ಚಂದ್ರ. ಕೆಳಗೆ ಬರುವಾಗ ಭೂಮಿಯ ಎರಡೂವರೆ ಪಟ್ಟು, ಹೆಚ್ಚುಕಡಿಮೆ ಗುರುಗ್ರಹ. ಒಂದೇ ನೆಗೆತಕ್ಕೆ ಮೂರು ಲೋಕ ಸುತ್ತಿ ಬಂದಿದೆ ನಿನ್ನ ಹೋರಿ.

ಇಲ್ಲಿಗೆ ನಿಲ್ಲಿಸೋಣ ಎಂದೆ. ಚೈತ್ರಶ್ರೀ ಕೇಳಲಿಲ್ಲ. ಚುಕ್ಕೆಗಳನ್ನು ಮೇಲೆ ಕೆಳಗೆ ನೋಡಿದ್ದು ಸಾಕು, ಈಗ ಅಡ್ಡ ನೋಡುತ್ತೇನೆ ಎಂದಳು. ಸ್ಕೇಲ್ ಇಟ್ಟು ತುಂಬ ಹೊತ್ತು ಅಳೆದು ಹೇಳಿದ್ದನ್ನು ಹಾಗೇ ಬರೆಯುತ್ತಿದ್ದೇನೆ: “ಮಿಸ್, ಕೆಳಗೆ ಎಳಿಯೋದು ಭೂಮಿ. ಅದನ್ನ ಅವ್ರು ಬೇಕಂತ ಬಗ್ಸಿದ್ರು. ಆದ್ರೆ ಮುಂದೆ ಹೋಗೋದ್ನ ಯಾರು ತಡದ್ರು?”

ನೋಡಿದರೆ ಹೌದು. ತುದಿಯಲ್ಲಿ ಚುಕ್ಕೆಗಳು ಅಡ್ಡಕ್ಕೂ ಒತ್ತೊತ್ತಾಗಿವೆ. ಹೋರಿ ಮೇಲೆ ನಿಂತಾಗ ಮುಂದಕ್ಕೆ ಹೋಗುವುದನ್ನೂ ನಿಲ್ಲಿಸಿಬಿಟ್ಟಿದೆ. ಮುಂದಕ್ಕೆ ಹೋಗುವ ವೇಗವನ್ನು ತಡೆಯಲು ಅಲ್ಲಿ ಯಾರೂ ಇಲ್ಲವಲ್ಲ. ಇದೂ ಗೊತ್ತಿದ್ದೇ ಮಾಡಿದ್ದೇ?

ಎರಡು ತಾಲ್ಲೂಕಿನ ಶಾಲೆಗಳಿಗೆ ಸೇರಿ ನವೆಂಬರಿನಲ್ಲಿ ಸೊರಬದಲ್ಲಿ ವಿಜ್ಞಾನ ವಸ್ತುಪ್ರದರ್ಶನವಿದೆ. ಇದನ್ನೇ ಅಲ್ಲಿಗೆ ಒಯ್ಯಬೇಕೆಂದು ಹುಡುಗಿ ಹಠ ಹಿಡಿದಿದ್ದಾಳೆ. ನೀನು ಒಪ್ಪಿದರೆ ಮಾತ್ರ.

ನಿನ್ನ
ರಜನಿ

•

ಹೈದರಾಬಾದ್
೯ ಸೆಪ್ಟೆಂಬರ್ ೨೦೨೪

ಅಕ್ಕ,

ಸಿಟ್ಟು ಬಂದಿತ್ತು. ಒಬ್ಬಳೇ ನೋಡು ಎಂದು ಬರೆದದ್ದಕ್ಕೆ ಅರ್ಥವಿತ್ತು. ನನ್ನ ಕೆಲಸ ನೋಡಿ ನಿನಗೆ ಏನನ್ನಿಸಿತು ಎಂದು ಕೇಳಿದರೆ, ಚಂದ್ರ, ಗುರುಗ್ರಹ ಎಂದು ಬರೆದಿದ್ದೀಯ. ಚೆನ್ನಾಗಿದೆಯೇ ಇಲ್ಲವೇ ಎಂದು ಒಂದು ಸಾಲಿಲ್ಲ.

ಆದರೆ ನಿನ್ನ ಸುರುಳಿ ಬಂದ ವಾರವೇ ನನ್ನ ಶಾಟ್ ವಾಪಸ್ಸಾಗಿತ್ತು. ಹೋರಿಗೆ ತೂಕವಿಲ್ಲ, ಬಲೂನು ಹಾರಿದ ಹಾಗಿದೆ ಎಂದು ಸೂಪರ್‌ವೈಸರ್ ಹೇಳಿದರು. ಎಲ್ಲಿ ತಪ್ಪಿದೆ ಎಂದು ಅವರಿಗೂ ಹೇಳಲಾಗಲಿಲ್ಲ. ಸರಿಹೋಗದಿದ್ದರೆ ಬೇರೆಯವರಿಗೆ ಕೊಡುತ್ತೇವೆ ಎಂದರು. ಗಾಳಿಯಲ್ಲಿ ನಿಲ್ಲಿಸಿದ್ದೇ ಹೆಚ್ಚಾಯಿತು ಎಂದುಕೊಂಡು ಅದನ್ನು ಕತ್ತರಿಸುತ್ತ ಬಂದೆ. ಕತ್ತರಿಸಿದಷ್ಟೂ ಕೆಟ್ಟಿತು. ತೂಕವೂ ಬರಲಿಲ್ಲ, ನನಗೆ ಬೇಕಾದದ್ದೂ ಹೋಯಿತು.

ಆಗ ಆ ಪ್ಲಾಸ್ಟಿಕ್ ಹಾಳೆಯನ್ನು ನನ್ನ ಮಾನಿಟರಿಗೆ ಹಿಡಿದು ನೋಡಿದೆ. ಅಡ್ಡ ಚುಕ್ಕೆಗಳನ್ನು ನೋಡಿದೆ. ಅಕ್ಕ, ಅದು ಗೊತ್ತಿದ್ದು ಮಾಡಿದ್ದಲ್ಲ. ಮೇಲೆ ನಿಲ್ಲಿಸುವ ಆಸೆಯಲ್ಲಿ ಮುಂದೆ ಹೋಗುವುದನ್ನೂ ನನ್ನ ಕೈ ತಾನಾಗಿ ನಿಲ್ಲಿಸಿತ್ತು. ಮುಂದಕ್ಕೆ ಹೋಗುವ ಭರವಿಲ್ಲದಿದ್ದರೆ ತೂಕ ಎಲ್ಲಿಂದ ಬರಬೇಕು? ಈಗ ಮೇಲಿನ ಚಂದ್ರ ಹಾಗೇ ಇದೆ, ಮುಂದಿನ ಓಟಕ್ಕೆ ಮಾತ್ರ ಯಾರೂ ಕೈ ಹಾಕಿಲ್ಲ. ನಿಂತ ಹಾಗೂ ಕಾಣುತ್ತದೆ, ಹೋಗುತ್ತಲೂ ಇದೆ. ಇಳಿದಾಗ ನೆಲ ನಡುಗುತ್ತದೆ. ನಾಳಿದ್ದು ಮತ್ತೆ ತೋರಿಸಬೇಕು.

ಪ್ರದರ್ಶನಕ್ಕೆ ಒಯ್ಯಿರಿ. ಹಳೆಯದನ್ನೂ ಹೊಸದನ್ನೂ ಎರಡನ್ನೂ ಒಯ್ಯಲಿ, ಅನುಮತಿ ಕೇಳಿದ್ದೇನೆ. ನನ್ನ ಬಲೂನು ಹೋರಿಯನ್ನು ಎರಡು ತಾಲ್ಲೂಕು ನೋಡಿ ನಗಲಿ, ಪರವಾಗಿಲ್ಲ.

ಆ ಹೋರಿ ಯಾಕೆ ಅಷ್ಟು ಹೊತ್ತು ಗಾಳಿಯಲ್ಲಿರಬೇಕು ಎಂದು ನೀನು ಕೇಳಲಿಲ್ಲ. ನಾನೇ ಹೇಳುತ್ತೇನೆ. ಕುಬಟೂರಿನ ಹೋರಿ ಹಬ್ಬದಲ್ಲಿ ಟ್ರ್ಯಾಕ್ಟರಿನ ಟ್ರೈಲರ್ ಮೇಲಿಂದ ನಾನು ಬಿದ್ದದ್ದು ನಿನಗೆ ನೆನಪಿದೆಯಲ್ಲ. ಆಗ ನನಗೆ ಆರು ವರ್ಷ. ಬೆನ್ನ ಮೇಲೆ ಬಿದ್ದಿದ್ದೆ. ಹೋರಿ ನನ್ನ ಮೇಲಿಂದ ಹಾರಿತು. ಅದರ ಹೊಟ್ಟೆಯ ಬಿಳಿ ಕೂದಲು, ಗೊರಸಿಗೆ ಮೆತ್ತಿದ್ದ ಕೆಸರು, ಕೊರಳಿನ ಕೊಬ್ಬರಿ ಸರ, ಆ ಸರದಲ್ಲಿ ಅರ್ಧ ಒಡೆದಿದ್ದ ಒಂದು ಬಟ್ಟಲು, ಕೊಂಬಿನ ಬಲೂನುಗಳ ನಡುವೆ ಆಕಾಶ, ಎಲ್ಲವನ್ನೂ ನೋಡಿದೆ. ಈಗಲೂ ಒಂದೊಂದನ್ನೂ ಬರೆದು ತೋರಿಸಬಲ್ಲೆ. ಅಷ್ಟೆಲ್ಲ ನೋಡಲು ಹೊತ್ತು ಬೇಕಲ್ಲ ಅಕ್ಕ. ಆ ಹೊತ್ತನ್ನೇ ಚಿತ್ರದಲ್ಲಿ ಇಟ್ಟಿದ್ದೇನೆ.

ನಾಗಿ

•

ಕುಬಟೂರು
೧೪ ಅಕ್ಟೋಬರ್ ೨೦೨೪

ನಾಗಿ,

ದಸರಾ ರಜೆಗೆ ಅಪ್ಪನ ಮನೆಗೆ ಬಂದಿದ್ದೇನೆ. ನಿನ್ನ ಪತ್ರ ಬ್ಯಾಗಿನಲ್ಲೇ ಇತ್ತು. ಇಷ್ಟು ದಿನ ಉತ್ತರ ಬರೆಯಲಿಲ್ಲ, ಬರೆಯಲಾಗಲಿಲ್ಲ.

ನನಗೆ ಹೋರಿ ನೆನಪೇ ಇಲ್ಲ. ಟ್ರೈಲರ್ ಮೇಲೆ ನಿನ್ನ ಪಕ್ಕದಲ್ಲೇ ಇದ್ದೆ. ನೆನಪಿರುವುದು ನೆಲದ ಮೇಲೆ ನಿನ್ನ ಹಳದಿ ಲಂಗ, ಆಮೇಲೆ ಧೂಳು, ಆಮೇಲೆ ಮತ್ತೆ ನಿನ್ನ ಹಳದಿ ಲಂಗ. ಲೆಕ್ಕ ಹಾಕಿದರೆ ನಡುವೆ ಒಂದು ಸೆಕೆಂಡೂ ಇದ್ದಿರಲಾರದು. ಅಷ್ಟರಲ್ಲಿ ಅವ್ವನಿಗೆ ಏನು ಹೇಳುವುದು ಎಂದು ಯೋಚಿಸಿದೆ. ನಿನ್ನನ್ನು ಮನೆಗೆ ಹೊತ್ತುಕೊಂಡು ಹೋಗುವುದು ನಾನೋ ಅಪ್ಪನೋ ಎಂದು ಯೋಚಿಸಿದೆ. ಹಬ್ಬಕ್ಕೆ ತಂದ ನಿನ್ನ ಹೊಸ ಚಪ್ಪಲಿಯನ್ನು ಏನು ಮಾಡುವುದು ಎಂದೂ ಯೋಚಿಸಿದೆ. ಇಷ್ಟು ವರ್ಷ ಕಾಲ, ವೇಗ, ದೂರ ಎಂದು ಮಕ್ಕಳಿಗೆ ಕಲಿಸಿದ್ದೇನೆ. ಆ ಸೆಕೆಂಡು ನನ್ನ ಯಾವ ಸೂತ್ರದೊಳಗೂ ಹಿಡಿಸಿಲ್ಲ. ನಿನ್ನ ಚಿತ್ರದಲ್ಲಿ ಹೋರಿ ಮೇಲೇರಿ ಕೆಳಗೆ ಬಾರದೆ ನಿಂತಾಗ ನನಗೆ ಉಸಿರು ಕಟ್ಟಿತು. ಚಂದ್ರ, ಗುರುಗ್ರಹ ಎಂದು ಬರೆದದ್ದು ಆಮೇಲೆ.

ನೀನು ಫೋನಿಗೆ ಕಳಿಸಿದ ಹೊಸ ಶಾಟನ್ನು ಅಪ್ಪನಿಗೆ ತೋರಿಸಿದೆ. ಕೊಟ್ಟಿಗೆಯ ಕಟ್ಟೆಯ ಮೇಲೆ ಕೂತು ಫೋನನ್ನು ದೂರ ಹಿಡಿದು ನೋಡಿದರು. ಇನ್ನೊಮ್ಮೆ ಹಾಕು ಎಂದರು. ಮತ್ತೆ ನೋಡಿ, “ಚೊಲೋ ಮಾಡಿದಾಳೆ. ಆದ್ರೆ ಹೋರಿ ಅವತ್ತು ಎಲ್ಲಿ ಹಾರ್ತು? ಪಕ್ಕಕ್ಕೆ ಸರ್ಕಂಡು ಹೋತು. ನಾನು ಮುಂದೇ ಇದ್ನಲ್ಲ” ಎಂದರು.

ಅವ್ವನನ್ನು ಕೇಳಿದರೆ, ತಾನು ಅವತ್ತು ಹಬ್ಬಕ್ಕೇ ಬಂದಿರಲಿಲ್ಲ, ಆ ಹೋರಿಯ ಹೆಸರು ಎತ್ತಬೇಡ ಎಂದಳು. ಇದನ್ನು ನಿನಗೆ ಬರೆಯಬೇಕೋ ಬಾರದೋ ಎಂದು ಯೋಚಿಸಿ ಬರೆದಿದ್ದೇನೆ. ಅಪ್ಪ ಹೇಳಿದ್ದು ನಿಜವಿದ್ದರೆ ಏನು ಮಾಡುತ್ತೀ?

ನಿನ್ನಕ್ಕ

•

ಹೈದರಾಬಾದ್
೨೮ ಅಕ್ಟೋಬರ್ ೨೦೨೪

ಅಕ್ಕ,

ಅಪ್ಪ ಹೇಳಿದ್ದು ನಿಜವೇ ಇರಬಹುದು. ಅವರು ನಿಂತಿದ್ದರು, ನಾನು ಮಲಗಿದ್ದೆ. ಎರಡು ದಿನ ಅದನ್ನೇ ಯೋಚಿಸಿದೆ. ಪಕ್ಕಕ್ಕೆ ಸರಿಯುವ ಹೋರಿಯನ್ನೂ ಬರೆದು ನೋಡಿದೆ. ಸೊಗಸಾಗಿ ಸರಿಯಿತು. ಯಾರಿಗೂ ಏನೂ ಆಗಲಿಲ್ಲ, ನನಗೂ ಆಗಲಿಲ್ಲ. ಅಳಿಸಿಬಿಟ್ಟೆ.

ನಾನು ಹಾರಿಸುತ್ತೇನೆ. ಅಪ್ಪನಿಗೆ ಹೇಳು.

ಶಾಟ್ ಪಾಸಾಯಿತು. ಸೂಪರ್‌ವೈಸರ್ ಎದ್ದು ನಿಂತು ಎರಡನೇ ಸಲ ಹಾಕಿಸಿದರು. ಏನು ಬದಲಾಯಿಸಿದೆ ಎಂದು ಕೇಳಿದಾಗ, ನಮ್ಮೂರ ಕಡೆಯ ಒಂಬತ್ತನೇ ಕ್ಲಾಸಿನ ಹುಡುಗಿ ಹೇಳಿದ್ದನ್ನು ಎಂದೆ. ನಗೆಚಾಟಿಕೆ ಎಂದುಕೊಂಡರು. ಪ್ಲಾಸ್ಟಿಕ್ ಹಾಳೆ ತೋರಿಸಿದ ಮೇಲೆ ನಗಲಿಲ್ಲ.

ಚೈತ್ರಶ್ರೀಗೆ ನನ್ನ ವಿಳಾಸ ಕೊಡು. ಸೊರಬದಲ್ಲಿ ಏನಾಯಿತೆಂದು ಇಬ್ಬರೂ ಬರೆಯಿರಿ.

ನಾಗಿ

•

ಶಿಕಾರಿಪುರ
೩ ಡಿಸೆಂಬರ್ ೨೦೨೪

ಪ್ರೀತಿಯ ನಾಗಿ,

ಸೊರಬದ ಸುದ್ದಿ. ನಮಗೆ ಸಭಾಂಗಣದ ಬಾಗಿಲ ಪಕ್ಕದ ಟೇಬಲ್ ಸಿಕ್ಕಿತ್ತು. ಒಂದು ಕಡೆ ಹೊಗೆ ಉಗುಳುವ ಜ್ವಾಲಾಮುಖಿ, ಇನ್ನೊಂದು ಕಡೆ ಅಂಬ್ಲಿಗೊಳ ಜಲಾಶಯದ ಮಾದರಿ, ಅದರ ಗೇಟು ಎತ್ತಿದರೆ ನಿಜವಾದ ನೀರು ಹರಿಯುತ್ತಿತ್ತು. ಜನವೆಲ್ಲ ಅಲ್ಲೇ. ನಮ್ಮ ಹತ್ತಿರ ಇದ್ದದ್ದು ಒಂದು ಲ್ಯಾಪ್‌ಟಾಪು, ಒಂದು ರಬ್ಬರ್ ಚೆಂಡು, ಚುಕ್ಕೆ ಇಟ್ಟ ಹಾಳೆಗಳು.

ತೀರ್ಪುಗಾರರು ಇಬ್ಬರು. ಮಧುಸೂದನ ಎಂಬ ಮೇಷ್ಟ್ರು ಮೊದಲು ಬಂದು ಹೋರಿಯನ್ನು ಒಮ್ಮೆ ನೋಡಿ, ಇದು ವಿಜ್ಞಾನವಲ್ಲ ಸಿನಿಮಾ, ಇದರಲ್ಲಿ ಪ್ರಯೋಗ ಎಲ್ಲಿದೆ ಎಂದು ಕೇಳಿದರು. ಚೈತ್ರಶ್ರೀ ನನ್ನ ಕಡೆ ನೋಡಿದಳು. ನಾನು ಮಾತಾಡುವ ಹಾಗಿರಲಿಲ್ಲ, ವಿದ್ಯಾರ್ಥಿಗಳೇ ಹೇಳಬೇಕೆಂಬ ನಿಯಮ. ಅವರು ಮುಂದಿನ ಟೇಬಲ್ಲಿಗೆ ಹೊರಟೇಬಿಟ್ಟರು.

ಆಗ ಅವಳು ಚೆಂಡನ್ನು ಎತ್ತಿ ಅವರ ಕೈಗೇ ಕೊಟ್ಟಳು. “ಸರ್, ನೀವೇ ಬಿಡ್ರಿ” ಎಂದಳು. ಅವರಿಗೆ ಬೇರೆ ದಾರಿ ಇರಲಿಲ್ಲ, ಬಿಟ್ಟರು. ಅವಳು ಫೋನಿನಲ್ಲಿ ತೆಗೆದು, ಅವರ ಎದುರಿಗೇ ಫ್ರೇಮ್ ಫ್ರೇಮ್ ಸರಿಸಿ ಚುಕ್ಕೆ ಇಟ್ಟು, ಇದು ನಿಮ್ಮ ಚೆಂಡು, ಇದು ಭೂಮಿ ಎಂದಳು. ಆಮೇಲೆ ಹಳೆಯ ಹೋರಿ, ಆಮೇಲೆ ಹೊಸ ಹೋರಿ. ಅಷ್ಟರಲ್ಲಿ ಎರಡನೇ ತೀರ್ಪುಗಾರರು, ನಿವೃತ್ತ ಭೌತಶಾಸ್ತ್ರ ಉಪನ್ಯಾಸಕಿ ವಾಗ್ದೇವಿ ಎಂಬವರು, ಕನ್ನಡಕ ಹಣೆಗೇರಿಸಿ ಹಾಳೆಗಳ ಮೇಲೆ ಬಗ್ಗಿದ್ದರು. ಸ್ಕೇಲ್ ಕೇಳಿ ತೆಗೆದುಕೊಂಡು ತಾವೇ ಅಳೆದರು. ಹಾಗಾದರೆ ಈ ಹೋರಿ ಬೀಳುವುದು ತಪ್ಪೋ ಸರಿಯೋ, ಒಂದೇ ಮಾತಿನಲ್ಲಿ ಹೇಳು ಎಂದರು.

ಚೈತ್ರಶ್ರೀ ಎರಡೂ ಹೋರಿಗಳ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ಹೇಳಿದಳು, “ಒಂದು ಮಾತಿನಾಗೆ ಆಗಲ್ರಿ ಮೇಡಂ. ಹಳೇದು ತಪ್ಪು. ಹೊಸದು ಬಗ್ಸಿದ್ದು. ತಪ್ಪಿಗೆ ಲೆಕ್ಕ ಇರಲ್ಲ, ಬಗ್ಸಿದ್ದಕ್ಕೆ ಇರ್ತತಿ. ಇಲ್ಲಿ ನೋಡ್ರಿ ಲೆಕ್ಕ.”

ನಾಗಿ, ಈ ಉತ್ತರ ನಾನು ಹೇಳಿಕೊಟ್ಟದ್ದಲ್ಲ. ಆ ಕ್ಷಣದಲ್ಲಿ ನನಗೂ ಹೊಳೆದಿರಲಿಲ್ಲ. ಕಿರುಪರೀಕ್ಷೆಯಲ್ಲಿ ಸೊನ್ನೆ ತೆಗೆದುಕೊಂಡ ಹುಡುಗಿ, ಎರಡು ತಾಲ್ಲೂಕಿನ ಮೇಷ್ಟ್ರುಗಳ ಎದುರು ನಿಂತು ಹೇಳಿದಳು. ನನ್ನ ಎದೆ ಎಷ್ಟು ಉಬ್ಬಿತ್ತೆಂದರೆ ಯಾರಾದರೂ ನೋಡುತ್ತಾರೆಂದು ಸೆರಗು ಸರಿಮಾಡಿಕೊಂಡೆ.

ಎರಡನೇ ಬಹುಮಾನ ಬಂತು. ಮೊದಲನೆಯದು ಅಂಬ್ಲಿಗೊಳಕ್ಕೆ ಹೋಯಿತು. ನೀರು ಚೆನ್ನಾಗಿಯೇ ಹರಿಯುತ್ತಿತ್ತು, ಇಲ್ಲವೆನ್ನಲಾರೆ. ಎರಡೂ ಜಿಲ್ಲಾ ಮಟ್ಟಕ್ಕೆ ಹೋಗುತ್ತವೆ. ಮಧುಸೂದನ ಮೇಷ್ಟ್ರು ಹೊರಡುವಾಗ ಬಂದು, ಈ ಚಿತ್ರ ಮಾಡಿದವರು ಯಾರು ಎಂದು ಕೇಳಿದರು. ಹೇಳಿದೆ.

ಜಾಗ ಮುಗಿಯಿತು. ಚೈತ್ರಶ್ರೀ ಬೇರೆ ಬರೆಯುತ್ತಾಳಂತೆ.

ನಿನ್ನ
ರಜನಿ

•

ತಾಳಗುಂದ
೮ ಡಿಸೆಂಬರ್ ೨೦೨೪

ನಾಗಶ್ರೀ ಅಕ್ಕನವರಿಗೆ ಚೈತ್ರಶ್ರೀ ಮಾಡುವ ನಮಸ್ಕಾರಗಳು.

ನನಗೆ ಬಹುಮಾನ ಬಂದಿದ್ದನ್ನು ಮಿಸ್ ಬರೆದಿರುತ್ತಾರೆ. ಪ್ರಮಾಣಪತ್ರದಲ್ಲಿ ನನ್ನ ಹೆಸರು ಸರಿಯಾಗಿ ಬರೆದಿದ್ದಾರೆ. ನಮ್ಮ ಅಪ್ಪಾಜಿ ಅದಕ್ಕೆ ಗಾಜಿನ ಕಟ್ಟು ಹಾಕಿಸಿ ಟಿವಿ ಮೇಲೆ ಇಟ್ಟಿದ್ದಾರೆ. ಈಗ ನಾನು ಕಾರ್ಟೂನ್ ನೋಡುವಾಗ ಎಲ್ಲಿ ಬಗ್ಗಿಸಿದರು ಎಂದು ಹೇಳುತ್ತಾ ಇರುತ್ತೇನೆ, ನನ್ನ ತಮ್ಮ ಬಾಯಿ ಮುಚ್ಚು ಎಂದು ಬೈಯುತ್ತಾನೆ.

ಮಿಸ್ ನಿಮಗೆ ಬರೆದಿರಲಿಕ್ಕಿಲ್ಲ ಎಂದು ಒಂದು ವಿಷಯ ಬರೆಯುತ್ತಿದ್ದೇನೆ. ಆ ಸರ್ ಬಂದು ಹೋರಿ ಚಿತ್ರ ಎಲ್ಲಿಂದ ತೆಗೆದಿರಿ, ಇಂಟರ್‌ನೆಟ್ಟಿಂದಲಾ ಎಂದು ಕೇಳಿದರು. ಮಿಸ್ ಹೇಳಿದರು, “ಅಲ್ಲ ಸರ್, ನನ್ನ ತಂಗಿ ಮಾಡಿದ್ದು. ಒಂದೊಂದು ಗೆರೆಯೂ ಅವಳದೇ ಕೈ. ಭೌತಶಾಸ್ತ್ರ ಚೆನ್ನಾಗಿ ಗೊತ್ತಿರೋರು ಮಾತ್ರ ಅದನ್ನ ಹಿಂಗೆ ಬಗ್ಸೋಕೆ ಆಗೋದು. ನನಗೆ ಆಗಲ್ಲ.” ಸರ್ ಹೋದ ಮೇಲೆ ಜ್ವಾಲಾಮುಖಿ ಶಾಲೆಯ ಮಿಸ್ಸಿಗೂ ಹೇಳಿದರು. ಕ್ಯಾಂಟೀನಿನಲ್ಲಿ ಟೀ ಕುಡಿಯುವಾಗ ಅಲ್ಲಿಯವರಿಗೂ ಲ್ಯಾಪ್‌ಟಾಪ್ ತೆಗೆದು ತೋರಿಸಿದರು. ವಾಪಸ್ ಬರುವಾಗ ಬಸ್ಸಿನಲ್ಲಿ ಪಕ್ಕದ ಸೀಟಿನ ಅಜ್ಜಿ ಎಲ್ಲಿಗೆ ಹೋಗಿದ್ರಿ ಎಂದು ಕೇಳಿದ್ದಕ್ಕೆ ಶಿಕಾರಿಪುರ ಬರುವವರೆಗೂ ನಿಮ್ಮ ವಿಷಯವನ್ನೇ ಹೇಳಿದರು. ಅಜ್ಜಿ ನಿದ್ದೆ ಮಾಡಿದರೂ ನಿಲ್ಲಿಸಲಿಲ್ಲ.

ಜಿಲ್ಲೆಗೆ ಹೋಗುವಾಗ ಏನಾದರೂ ಹೊಸದು ಸೇರಿಸಬೇಕು. ನೀರನ್ನು ನೀವು ಹೇಗೆ ಬಗ್ಗಿಸುತ್ತೀರಿ? ಕಾರ್ಟೂನಿನಲ್ಲಿ ನೀರಿನ ಹನಿ ತುಂಬಾ ದಪ್ಪ ಇರುತ್ತದೆ. ಬೇಕಂತ ಮಾಡುತ್ತೀರಾ?

ಇಂತಿ
ಚೈತ್ರಶ್ರೀ ಜೆ., ೯ನೇ ತರಗತಿ

•

ಹೈದರಾಬಾದ್
೧೯ ಜನವರಿ ೨೦೨೫

ಅಕ್ಕ,

ಚೈತ್ರಶ್ರೀಯ ಪತ್ರ ಬಂದು ಬಹಳ ದಿನವಾಯಿತು. ಅವಳಿಗೆ ನೀರಿನ ಹನಿಯ ಬಗ್ಗೆ ಆರು ಪುಟ ಬರೆದು ಕಳಿಸಿದ್ದೇನೆ. ನಿನಗೆ ಬರೆಯಲು ನಾಲ್ಕು ಸಲ ಕೂತೆ. ಏನು ಬರೆದರೂ ಸಣ್ಣದಾಗಿ ಕಾಣುತ್ತಿತ್ತು, ಹರಿದುಹಾಕಿದೆ. ಆದ್ದರಿಂದ ಇಲ್ಲಿಯ ಕೆಲಸದ ಸುದ್ದಿಯನ್ನಷ್ಟೇ ಬರೆಯುತ್ತೇನೆ.

ಹೊಸದಾಗಿ ಸೇರಿದ ಎಂಟು ಜನರಿಗೆ ಕಲಿಸಲು ನನ್ನನ್ನು ಹಾಕಿದ್ದಾರೆ. ಆ ಶಾಟ್ ನೋಡಿದ ಮೇಲೆ ಮೇಲಿನವರೇ ಹೇಳಿದ್ದಂತೆ. ಮೊದಲ ದಿನ ಎಲ್ಲರೂ ಕಂಪ್ಯೂಟರ್ ಆನ್ ಮಾಡಿಕೊಂಡು ತಯಾರಾಗಿ ಕೂತಿದ್ದರು. ಎಲ್ಲ ಆಫ್ ಮಾಡಿಸಿದೆ. ಅಂಗಳಕ್ಕೆ ಕರೆದುಕೊಂಡು ಹೋಗಿ ಕೈಗೊಂದು ಕಲ್ಲು ಕೊಟ್ಟು ಓಡುತ್ತ ಬೀಳಿಸಿ ಎಂದೆ. ಕಲ್ಲು ಕೈಬಿಟ್ಟ ಜಾಗದ ನೇರ ಕೆಳಗೆ ಬೀಳದೆ ತಮ್ಮ ಜೊತೆಗೇ ಮುಂದಕ್ಕೆ ಬಂದದ್ದನ್ನು ನೋಡಿ ಇಬ್ಬರು ಬೆಚ್ಚಿದರು. ದೊಡ್ಡ ದೊಡ್ಡ ಸಂಸ್ಥೆಗಳಲ್ಲಿ ಕಲಿತು ಬಂದವರು, ಆದರೆ ಯಾರೂ ಕಲ್ಲು ಬೀಳಿಸಿ ನೋಡಿರಲಿಲ್ಲ. ಇದು ಕೈಗೆ ಹತ್ತುವವರೆಗೆ ಯಾವುದನ್ನೂ ಬಗ್ಗಿಸುವ ಹಾಗಿಲ್ಲ ಎಂದು ಹೇಳಿದೆ. ನನ್ನ ದನಿ ಕೇಳಿ ನನಗೇ ನಗು ಬಂತು. ಅದು ನನ್ನ ದನಿಯಾಗಿರಲಿಲ್ಲ.

ತರಗತಿ ಮುಗಿದ ಮೇಲೆ ಶರಣ್ಯ ಎಂಬ ಹುಡುಗಿ ಉಳಿದುಕೊಂಡಳು. ಕಲಬುರಗಿಯವಳು, ಕನ್ನಡದಲ್ಲೇ ಮಾತಾಡಿದಳು. ಭೌತಶಾಸ್ತ್ರವನ್ನು ಇಷ್ಟು ಚೆನ್ನಾಗಿ ಯಾವ ಕಾಲೇಜಿನಲ್ಲಿ ಓದಿದಿರಿ ಎಂದು ಕೇಳಿದಳು. ಮೊದಲಾಗಿದ್ದರೆ ಆ ಪ್ರಶ್ನೆಗೆ ಮಾತು ತಪ್ಪಿಸುತ್ತಿದ್ದೆ. ಶಿವಮೊಗ್ಗದಲ್ಲಿ ಬಿಎಸ್ಸಿಯನ್ನು ಕೊನೆಯ ವರ್ಷ ಬಿಟ್ಟು ಬಂದವಳು ಎಂದು ಹೇಳುವುದು ಹೇಗೆ ಎಂದು ಒದ್ದಾಡುತ್ತಿದ್ದೆ.

ಈ ಸಲ ಒದ್ದಾಡಲಿಲ್ಲ.

“ಕಾಲೇಜಲ್ಲ, ನಮ್ಮಕ್ಕ” ಎಂದೆ.

ನಿನ್ನ ತಂಗಿ
ನಾಗಶ್ರೀ